ಕುರಿ ಕೊಯ್ಯುವ ಮುಂಚೆ ಯಾರಾದರೂ ನೋಡುತ್ತಾರಾ? ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯವರು ಹೇಳಿ

ನವನಗರದ ಸೊಸೆ (ಬಾಗಲಕೋಟೆ):
ಎಲ್ಲರಿಗೂ ನಮಸ್ಕಾರ. ಭಾನುವಾರ ಮಟನ್ ಜೊತೆ ಕಲೀಜ ತಂದಿದ್ದೆವು. ತೊಳೆಯುವಾಗ ನೋಡಿದರೆ ಅಂಚಿನಲ್ಲಿ ನಿಂಬೆಹಣ್ಣಿನ ಗಾತ್ರದ ಬಿಳಿ ಗುಳ್ಳೆ. ಚಾಕು ತಾಗಿದ್ದೇ ತಡ, ತಿಳಿ ನೀರು ಚಿಮ್ಮಿತು. ಒಳಗೆ ಬೆಳ್ಳಗಿನ ಪೊರೆ ಇತ್ತು. ಅಂಗಡಿಯವರಿಗೆ ಫೋಟೊ ಕಳಿಸಿದೆ. "ನೀರಗುಳ್ಳೆ ಅಕ್ಕಾರ, ಕಿತ್ತು ಒಗೀರಿ, ಉಳಿದದ್ದು ಚಲೋ ಐತಿ" ಅಂದರು. ಅತ್ತೆಯೂ ಅದನ್ನೇ ಹೇಳಿದರು. ನನಗೆ ಸಮಾಧಾನ ಆಗಲಿಲ್ಲ, ಕಲೀಜ ಪೂರ್ತಿ ಚೆಲ್ಲಿದೆ.

ಗುಳ್ಳೆ ಏನು ಅಂತ ಗೊತ್ತಿದ್ದವರು ಹೇಳಿ. ಆದರೆ ನನ್ನ ಮುಖ್ಯ ಪ್ರಶ್ನೆ ಬೇರೆ. ಚಿಕ್ಕವಳಿದ್ದಾಗ ಅಂಗಡಿಯಲ್ಲಿ ತೂಗುಹಾಕಿದ ತೊಡೆಯ ಮೇಲೆ, ತಪಾಸಣೆ ಆಗಿದೆ ಅನ್ನುವ ನೇರಳೆ ಬಣ್ಣದ ಮುದ್ರೆ ನೋಡಿದ ನೆನಪು. ಈಗ ನಾನು ಹೋಗುವ ಅಂಗಡಿಗಳಲ್ಲಿ ಎಲ್ಲೂ ಕಾಣುವುದಿಲ್ಲ. ಕೊಯ್ಯುವ ಮುಂಚೆ ಕುರಿಯನ್ನು, ಕೊಯ್ದ ಮೇಲೆ ಖಂಡವನ್ನು ನೋಡಬೇಕಾದವರು ಯಾರು? ಯಾರಾದರೂ ನೋಡುತ್ತಾರಾ?

ಹೋತಮರಿ (ಹುನಗುಂದ ಕಡೆ):
ಅಕ್ಕಾರ, ಕುರಿ ಸಾಕುವವರಿಗೆ ನೀರಗುಳ್ಳೆ ಹೊಸದಲ್ಲ. ವಯಸ್ಸಾದ ಕುರಿಯಲ್ಲಿ ಜಾಸ್ತಿ, ಎಳೆ ಮರಿಯಲ್ಲಿ ಅಪರೂಪ. ನಮ್ಮ ಕಡೆ ಕಿತ್ತು ನಾಯಿಗೆ ಒಗೆಯುತ್ತಾರೆ. ಇಷ್ಟು ವರ್ಷ ಯಾರಿಗೂ ಏನೂ ಆಗಿದ್ದು ನೋಡಿಲ್ಲ.

ನಿವೃತ್ತ ದನದ ಡಾಕ್ಟರ್ (ವಿಜಯಪುರ):
ನಾಯಿಗೆ ಒಗೆಯುವುದನ್ನು ಮೊದಲು ಬಿಡಿ ತಮ್ಮಾ. ಇಡೀ ತೊಂದರೆ ಸುತ್ತುವುದೇ ಅಲ್ಲಿಂದ.

ಇದು ಹೈಡಾಟಿಡ್ ಗುಳ್ಳೆ. ಎಕಿನೋಕಾಕಸ್ ಅನ್ನುವ ಲಾಡಿಹುಳದ ಮರಿ ಈ ಗುಳ್ಳೆಯಲ್ಲಿ ಬೆಳೆಯುತ್ತದೆ. ಬಲಿತ ಹುಳ ಇರುವುದು ನಾಯಿಯ ಕರುಳಿನಲ್ಲಿ, ಉದ್ದ ಕೆಲವೇ ಮಿಲಿಮೀಟರ್. ನಾಯಿಯ ಮಲದಲ್ಲಿ ತತ್ತಿ ಹೊರಗೆ ಬೀಳುತ್ತದೆ. ಹುಲ್ಲಿನ ಜೊತೆ ಅದು ಕುರಿಯ ಹೊಟ್ಟೆ ಸೇರಿ, ಕಲೀಜದಲ್ಲೋ ಪುಪ್ಪುಸದಲ್ಲೋ ಗುಳ್ಳೆ ಕಟ್ಟುತ್ತದೆ. ಆ ಗುಳ್ಳೆಯನ್ನು ಹಸಿಯಾಗಿ ತಿಂದ ನಾಯಿಗೆ ಮತ್ತೆ ಹುಳ.

ಗುಳ್ಳೆ ಇದ್ದ ಕಲೀಜ ತಿಂದರೆ ಮನುಷ್ಯರಿಗೆ ಈ ರೋಗ ಬರುವುದಿಲ್ಲ. ನಾಯಿ ಹೊರಹಾಕಿದ ತತ್ತಿ ಕೈಗೆ, ಮಣ್ಣಿಗೆ, ತೊಳೆಯದ ಸೊಪ್ಪಿಗೆ ಅಂಟಿ ಬಾಯಿಗೆ ಹೋದರೆ ಬರುತ್ತದೆ. ಬಂದರೆ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ, ಗುಳ್ಳೆ ಒಳಗೇ ಬೆಳೆಯುತ್ತದೆ. ಎಷ್ಟೋ ಸಲ ಆಪರೇಷನ್ನಿನವರೆಗೆ ಹೋಗುತ್ತದೆ. "ಯಾರಿಗೂ ಏನೂ ಆಗಿಲ್ಲ" ಅನ್ನುವುದಕ್ಕೆ ಇದೂ ಒಂದು ಕಾರಣ. ಯಾರಿಗಾದರೂ ಆದಾಗ ಹತ್ತು ವರ್ಷದ ಹಿಂದಿನ ನಾಯಿ ಯಾರ ನೆನಪಿಗೂ ಬರುವುದಿಲ್ಲ.

ಸೊಸೆಯವರೇ, ಗುಳ್ಳೆ ಚೆಲ್ಲಿದ್ದು ಸರಿ. ಆದರೆ ಎಲ್ಲಿ ಚೆಲ್ಲಿದಿರಿ?

ನವನಗರದ ಸೊಸೆ:
ಕಸದ ಗಾಡಿಗೆ ಹಾಕಿದೆ ಸರ್. ಗಟ್ಟಿಯಾಗಿ ಕಟ್ಟಿ ಹಾಕಿದ್ದೆ. ಬೀದಿ ನಾಯಿಗೆ ಸಿಕ್ಕಿಲ್ಲ ಅಂದುಕೊಂಡಿದ್ದೇನೆ.

ನಿವೃತ್ತ ದನದ ಡಾಕ್ಟರ್:
ಸರಿ. ಹಳ್ಳಿಯಲ್ಲಿ ಆದರೆ ನಾಯಿ ಕೆದರದಷ್ಟು ಆಳಕ್ಕೆ ಹೂಳಬೇಕು, ಇಲ್ಲವೇ ಸುಡಬೇಕು. ಹಟ್ಟಿಯ ನಾಯಿಗಳಿಗೆ ಪ್ರಾಜಿಕ್ವಾಂಟೆಲ್ ಗುಳಿಗೆ ಕೊಡಿ. ಕೆ.ಜಿ.ಗೆ 5 ಮಿ.ಗ್ರಾಂ ಲೆಕ್ಕ. ಹತ್ತಿರದ ಪಶು ಆಸ್ಪತ್ರೆಯಲ್ಲಿ ತೂಕ ಹೇಳಿ ಕೇಳಿ. ಗುಳಿಗೆ ಕೊಟ್ಟ ಮೇಲೆ ಎರಡು ದಿನ ಕಟ್ಟಿಹಾಕಿ, ಮಲ ಸುಟ್ಟು ಹಾಕಿ. ಬರೀ ಕುರಿಗೆ ಜಂತಿನ ಔಷಧಿ ಕುಡಿಸಿದರೆ ಈ ಹುಳ ನಿಲ್ಲುವುದಿಲ್ಲ.

ಇನ್ನು ಯಾರು ನೋಡಬೇಕು ಅನ್ನುವ ಪ್ರಶ್ನೆ. ನೋಡುವುದು ಎರಡು ಸಲ. ಒಮ್ಮೆ ಜೀವಂತ ಇರುವಾಗ, ಇನ್ನೊಮ್ಮೆ ಹೊಟ್ಟೆ ಬಿಚ್ಚಿದ ಮೇಲೆ. ನಿಮ್ಮ ಗುಳ್ಳೆ ಸಿಗುತ್ತಿದ್ದದ್ದು ಎರಡನೇ ಸಲ. ಜನ ಮುದ್ರೆ ಅಂದ ತಕ್ಷಣ ಇದೊಂದನ್ನೇ ನೆನೆಯುತ್ತಾರೆ. ನನ್ನ ಕೇಳಿದರೆ ಮೊದಲನೆಯದ್ದೇ ದೊಡ್ಡದು.

2001ರಲ್ಲಿ ಕೇಂದ್ರ ಸರ್ಕಾರ ಕಸಾಯಿಖಾನೆ ನಿಯಮ ಮಾಡಿತು, ಪ್ರಾಣಿ ಹಿಂಸೆ ತಡೆ ಕಾಯ್ದೆಯ ಕೆಳಗೆ. ಗಬ್ಬದ ಪ್ರಾಣಿ, ಮೂರು ತಿಂಗಳು ತುಂಬದ ಪ್ರಾಣಿ, ಮೂರು ತಿಂಗಳೊಳಗಿನ ಮರಿ ಇರುವ ತಾಯಿ, ಪಶುವೈದ್ಯರು ಯೋಗ್ಯ ಅಂತ ಬರೆದುಕೊಡದ ಪ್ರಾಣಿ, ಇವನ್ನು ಕೊಯ್ಯುವಂತಿಲ್ಲ. ಒಬ್ಬ ವೈದ್ಯ ಗಂಟೆಗೆ 12, ದಿನಕ್ಕೆ 96 ಪ್ರಾಣಿಗಿಂತ ಜಾಸ್ತಿ ನೋಡುವಂತಿಲ್ಲ. ನೋಡಿದ ಮೇಲೆ 24 ಗಂಟೆ ವಿಶ್ರಾಂತಿ. ಒಂದರ ಕಣ್ಣೆದುರು ಇನ್ನೊಂದನ್ನು ಕೊಯ್ಯುವಂತಿಲ್ಲ.

ಆಫೀಸು ತಿರುಗಿದವ:
ಡಾಕ್ಟ್ರೇ, 12 ಮತ್ತು 96 ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಅಂದರೆ ಒಂದು ಪ್ರಾಣಿಗೆ ಐದು ನಿಮಿಷ. ನಮ್ಮ ತಾಲೂಕಿನಲ್ಲಿ ಇರುವ ಒಬ್ಬ ಡಾಕ್ಟರು ಆಸ್ಪತ್ರೆ ನೋಡಬೇಕು, ಕಾಲುಬಾಯಿ ಬೇನೆ ಲಸಿಕೆ ಹಾಕಬೇಕು, ಕೃತಕ ಗರ್ಭಧಾರಣೆಗೆ ಓಡಬೇಕು, ಮೀಟಿಂಗಿಗೆ ಹೋಗಬೇಕು. ಮುಂಜಾನೆ ನಾಲ್ಕಕ್ಕೆ ಮಟನ್ ಅಂಗಡಿಗೆ ಯಾರು ಬರುತ್ತಾರೆ?

ನಾನು ಇದೇ ವಿಷಯಕ್ಕೆ ಓಡಾಡಿದವನು. ಊರಿನ ಹೆಸರು ಬೇಡ. ನಗರದ ಆಡಳಿತದವರು "ಪ್ರಾಣಿ ನೋಡುವುದು ಪಶು ಇಲಾಖೆ" ಅಂದರು. ಪಶು ಆಸ್ಪತ್ರೆಯಲ್ಲಿ "ನಾವು ಸಾಕುವ ಪ್ರಾಣಿಗೆ, ಅಂಗಡಿ ನಗರಸಭೆಗೆ ಸೇರಿದ್ದು" ಅಂದರು. ಆಹಾರ ಸುರಕ್ಷತೆಯವರು "ಕೊಯ್ಯುವ ಜಾಗ ಅವರದ್ದು, ಮಾರುವ ಕೌಂಟರ್ ನಮ್ಮದು" ಅಂದರು. ಮೂವರೂ ಪ್ರೀತಿಯಿಂದಲೇ ಮಾತಾಡಿದರು, ಒಬ್ಬರು ಚಹಾನೂ ಕುಡಿಸಿದರು.

ಇನ್ನೊಂದು ಗಮನಿಸಿ. ಆ 2001ರ ನಿಯಮದಲ್ಲಿ ಕಸಾಯಿಖಾನೆ ಅಂದರೆ ದಿನಕ್ಕೆ 10 ಅಥವಾ ಅದಕ್ಕಿಂತ ಜಾಸ್ತಿ ಪ್ರಾಣಿ ಕೊಯ್ಯುವ ಜಾಗ. ನಗರಸಭೆ ಹದ್ದಿನಲ್ಲಿ ಮಾನ್ಯತೆ ಇಲ್ಲದ ಕಡೆ ಕೊಯ್ಯುವಂತಿಲ್ಲ ಅಂತಲೂ ಅದರಲ್ಲೇ ಇದೆ. ನಮ್ಮ ಓಣಿಯ ಅಂಗಡಿ ದಿನಕ್ಕೆ ನಾಲ್ಕೋ ಐದೋ ಕೊಯ್ಯುತ್ತದೆ. ಹತ್ತಿರದಲ್ಲಿ ಸರಿಯಾದ ಕಸಾಯಿಖಾನೆಯೇ ಇಲ್ಲ ಅಂದಮೇಲೆ ಅವನು ಏನು ಮಾಡಬೇಕು? ಅಂಗಡಿ ಹಿಂದೆ ಪರದೆ ಕಟ್ಟಿ ಕೊಯ್ಯುತ್ತಾನೆ.

ಮಟನ್ ಅಂಗಡಿ, ಬೆಳಗಾವಿ:
ನಮ್ಮ ಕಡೆಯ ಮಾತನ್ನೂ ಕೇಳಿ. ಅಜ್ಜನ ಕಾಲದಿಂದ ಇದೇ ಧಂದೆ.

ಗಿರಾಕಿಗೆ ಭಾನುವಾರ ಆರು ಗಂಟೆಗೆ ಮಟನ್ ಬೇಕು. ಅದೂ ಕಣ್ಣ ಮುಂದೆ ಕೊಯ್ದದ್ದೇ ಬೇಕು. ಬೇರೆ ಕಡೆ ಕೊಯ್ದು, ಮುದ್ರೆ ಹಾಕಿಸಿ, ತಣ್ಣಗೆ ಮಾಡಿ ತಂದರೆ "ಫ್ರಿಜ್ಜಿನ ಮಾಲು, ನಿನ್ನೆದು" ಅನ್ನುತ್ತಾರೆ. ಮುದ್ರೆ ಇದ್ದ ಮಟನ್ ಬೇಕು ಅನ್ನುವವರೂ ಇವರೇ, ಬಿಸಿ ಮಟನ್ ಬೇಕು ಅನ್ನುವವರೂ ಇವರೇ. ಎರಡೂ ಒಟ್ಟಿಗೆ ಹೇಗೆ ಆಗುತ್ತದೆ?

ಗೋಡೆ ಮೇಲೆ ಆಹಾರ ಸುರಕ್ಷತೆಯವರ ಎಫ್‌ಎಸ್‌ಎಸ್‌ಎಐ ನೋಂದಣಿ ಹಾಕಿದ್ದೇನೆ. ದಿನಕ್ಕೆ 10 ಕುರಿ ಅಥವಾ 50 ಕೋಳಿವರೆಗೆ ನೋಂದಣಿ ಸಾಕು, ಮೇಲಾದರೆ ಲೈಸೆನ್ಸ್. 14 ಅಂಕಿಯ ನಂಬರ್ 2ರಿಂದ ಶುರುವಾದರೆ ನೋಂದಣಿ, 1ರಿಂದ ಶುರುವಾದರೆ ಲೈಸೆನ್ಸ್. ಗಿರಾಕಿಗಳು ಅದನ್ನು ನೋಡಿ ಡಾಕ್ಟರ ಸರ್ಟಿಫಿಕೇಟ್ ಅಂತ ತಿಳಿಯುತ್ತಾರೆ. ಅದು ಅಂಗಡಿಯ ಕಾಗದ. ಇವತ್ತಿನ ಕುರಿಗೂ ಅದಕ್ಕೂ ಏನೂ ಸಂಬಂಧ ಇಲ್ಲ.

ನಾವು ಕಣ್ಣು ಮುಚ್ಚಿ ಕೊಯ್ಯುವುದಿಲ್ಲ. ಸಂತೆಯಲ್ಲಿ ಕುರಿ ಹಿಡಿದ ತಕ್ಷಣ ಕೆಳಗಿನ ಕಣ್ಣರೆಪ್ಪೆ ಎಳೆದು ನೋಡುತ್ತೇವೆ. ಒಳಗೆ ಕೆಂಪಗಿರಬೇಕು. ಬಿಳಚಿಕೊಂಡಿದ್ದರೆ ರಕ್ತ ಹೀರುವ ಜಂತು ಇದೆ ಅಂತ ಲೆಕ್ಕ. ಮೂಗು, ಬಾಯಿ ಬಿಡಿಸಿ ಹುಣ್ಣು, ಬಾಲ ಎತ್ತಿ ಭೇದಿ, ಬೆನ್ನ ಮೇಲೆ ಕೈ ಆಡಿಸಿ ಖಂಡ. ಆಮೇಲೆ ಒಂದಿಷ್ಟು ದೂರ ನಡೆಸುತ್ತೇವೆ. ಮಂದೆಯಿಂದ ಹಿಂದೆ ಬಿದ್ದ ಕುರಿಯನ್ನು ಅರ್ಧ ರೇಟಿಗೆ ಕೊಟ್ಟರೂ ಮುಟ್ಟುವುದಿಲ್ಲ. ದಲ್ಲಾಳಿ ಬೈಯುತ್ತಾನೆ, ಬೈಯಲಿ.

ನಿವೃತ್ತ ದನದ ಡಾಕ್ಟರ್:
ಅಂಗಡಿಯವರೇ, ನೀವು ಬರೆದದ್ದರಲ್ಲಿ ಅರ್ಧಕ್ಕರ್ಧ ನಮ್ಮ ಪಾಠವೇ ಇದೆ. ಅದಕ್ಕೆ ಥರ್ಮಾಮೀಟರ್ ಒಂದು ಸೇರಿಸಿ. ಕುರಿಗೆ 102ರಿಂದ 103 ಡಿಗ್ರಿ ಫ್ಯಾರನ್‌ಹೀಟ್ ಸಹಜ, ಬಿಸಿಲಲ್ಲಿ ನಡೆದು ಬಂದಿದ್ದರೆ ತುಸು ಜಾಸ್ತಿ. ನೆರಳಲ್ಲಿ ನಿಲ್ಲಿಸಿದ ಮೇಲೂ 105 ಇದ್ದರೆ ಅವತ್ತು ಕೊಯ್ಯಬೇಡಿ.

ಈಗ ಜೀವಂತ ಇದ್ದಾಗಲೇ ಯಾಕೆ ನೋಡಬೇಕು ಅಂತ ಹೇಳಿಬಿಡುತ್ತೇನೆ. ಜ್ವರ, ಹುಚ್ಚುನಾಯಿ ರೋಗ, ಧನುರ್ವಾಯು, ಇವು ತೂಗುಹಾಕಿದ ಖಂಡದಲ್ಲಿ ಕಣ್ಣಿಗೆ ಕಾಣುವುದಿಲ್ಲ. ಎಲ್ಲಕ್ಕಿಂತ ಮುಖ್ಯ ನೆರಡಿ ರೋಗ, ಅಂದರೆ ಆಂಥ್ರಾಕ್ಸ್. ಸಂಜೆ ಮೇಯ್ದ ಕುರಿ ಬೆಳಗಾಗುವುದರೊಳಗೆ ಸತ್ತಿರುತ್ತದೆ. ಮೂಗಿನಿಂದ, ಹಿಂದಿನಿಂದ ಕಪ್ಪು ರಕ್ತ ಸೋರುತ್ತದೆ, ಅದು ಹೆಪ್ಪುಗಟ್ಟುವುದಿಲ್ಲ. ಹೊಟ್ಟೆ ಬೇಗ ಉಬ್ಬುತ್ತದೆ, ಮೈ ಸರಿಯಾಗಿ ಸೆಟೆಯುವುದಿಲ್ಲ. ಅಂಥದ್ದಕ್ಕೆ ಚಾಕು ಹಾಕಲೇಬಾರದು. ಬಿಚ್ಚಿದರೆ ಗಾಳಿ ತಾಗಿ ರೋಗಾಣು ಬೀಜದಂತೆ ಗಟ್ಟಿಯಾಗುತ್ತದೆ, ಮಣ್ಣಿನಲ್ಲಿ ದಶಕಗಟ್ಟಲೆ ಬದುಕುತ್ತದೆ. ಡಾಕ್ಟರು ಬಂದರೆ ಕಿವಿಯ ನಾಳದಿಂದ ಒಂದು ಹನಿ ರಕ್ತ ಗಾಜಿನ ಪಟ್ಟಿಗೆ ಹಚ್ಚಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹೊಟ್ಟೆ ಬಿಚ್ಚುವುದಿಲ್ಲ.

ಹೋತಮರಿ:
ಅಪ್ಪ ಸತ್ತ ಕುರಿ ಕೊಯ್ಯಲು ಎಂದೂ ಬಿಟ್ಟಿಲ್ಲ. ಆದರೆ ಮಳೆಗಾಲದಲ್ಲಿ ಒಂದೊಂದು ಸತ್ತರೆ "ಬಿಸಿ ಇದ್ದಾಗಲೇ ಕೊಡ್ರಿ" ಅಂತ ಕೇಳಿಕೊಂಡು ಬರುವವರು ಇದ್ದಾರೆ. ರೊಕ್ಕ ಹೋದ ಸಂಕಟದಲ್ಲಿ ಕೆಲವರು ಕೊಡುತ್ತಾರೆ. ಸುಳ್ಳು ಹೇಳಿ ಏನು ಮಾಡುವುದು.

ಕುರಿಗೆ ವಿಮೆ ಇದ್ದರೆ ಅವರೂ ಹೀಗೆ ಸತ್ತದ್ದನ್ನು ಕೊಡುವುದಿಲ್ಲ ಅಂತ ನನ್ನ ಅನಿಸಿಕೆ.

ಸುಮ್ನೆ ಕೇಳಿದೆ:
ಇಷ್ಟೆಲ್ಲಾ ಯಾಕೆ? ಕುಕ್ಕರಿನಲ್ಲಿ ಆರು ಸೀಟಿ ಹೊಡೆಸಿದರೆ ಎಲ್ಲಾ ಸಾಯುತ್ತವೆ, ಅಲ್ವಾ? ನಾವೇನು ಹಸಿ ತಿನ್ನುತ್ತೇವಾ?

ಕೊಕಟನೂರು ಹಾಸ್ಟೆಲ್:
ಪಶುವೈದ್ಯಕೀಯ ಓದುತ್ತಿದ್ದೇನೆ, ಅಥಣಿ ಹತ್ರ. ಸೀಟಿಗೆ ಹುಳ ಸಾಯುತ್ತವೆ, ಬಹುತೇಕ ರೋಗಾಣುಗಳೂ ಸಾಯುತ್ತವೆ, ಒಪ್ಪಿದೆ. ಆದರೆ ಔಷಧಿ ಸಾಯುವುದಿಲ್ಲ. ನಿನ್ನೆ ಆ್ಯಂಟಿಬಯಾಟಿಕ್ ಚುಚ್ಚಿಸಿಕೊಂಡ ಕುರಿಯನ್ನು ಇವತ್ತು ಕೊಯ್ದರೆ ಅದರ ಪಾಲು ನಿಮ್ಮ ತಟ್ಟೆಗೂ ಬರುತ್ತದೆ. ಬೇಯಿಸಿದರೆ ಪೂರ್ತಿ ಹೋಗುತ್ತದೆ ಅಂತ ನಂಬುವಂತಿಲ್ಲ. ಬಹಳ ದಿನ ಕೆಲಸ ಮಾಡುವ ಆಕ್ಸಿಟೆಟ್ರಾಸೈಕ್ಲಿನ್ ಇಂಜೆಕ್ಷನ್ನಿನ ಲೇಬಲ್ ಓದಿ. ಮಾಂಸಕ್ಕೆ 28 ದಿನ ಬಿಡಬೇಕು ಅಂತ ಹಲವು ಬಾಟಲಿಗಳ ಮೇಲೆ ಬರೆದಿರುತ್ತದೆ. ಬೆಚ್ಚಗೆ ಇಟ್ಟ ಮಾಂಸದಲ್ಲಿ ಕೆಲವು ರೋಗಾಣು ಬಿಡುವ ವಿಷವೂ ಕುದಿಸಿದರೆ ಹೋಗುವುದಿಲ್ಲ.

ಇನ್ನೊಂದು ಮಾತು. ಕುಕ್ಕರ್ ಕಾಯುವುದು ತಿನ್ನುವವರನ್ನು. ಕೊಯ್ಯುವವರನ್ನು ಯಾರು ಕಾಯುತ್ತಾರೆ? ಕಂದು ಹಾಕುವ (ಗರ್ಭ ಇಳಿದುಹೋಗುವ) ರೋಗ ಇದ್ದ ಕುರಿಯ ಗರ್ಭಕೋಶಕ್ಕೆ ಗಾಯವಿರುವ ಬರಿಗೈ ಹಾಕಿದರೆ ಅದರ ರೋಗಾಣು ಬ್ರುಸೆಲ್ಲಾ ಕೈಯಿಂದಲೇ ಒಳಗೆ ಹೋಗುತ್ತದೆ. ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಜ್ವರ, ಕೀಲು ನೋವು, ರಾತ್ರಿ ಬೆವರು. ಟೈಫಾಯ್ಡ್ ಅಂತ ಔಷಧಿ ತಗೊಂಡು ತಿರುಗುವವರು ಇದ್ದಾರೆ. ಆಂಥ್ರಾಕ್ಸ್ ಕೂಡ ಜನರಿಗೆ ಹೆಚ್ಚಾಗಿ ಬರುವುದು ಚರ್ಮದ ಮೂಲಕ, ಕಪ್ಪು ಹೆಕ್ಕಳೆಯ ಹುಣ್ಣಾಗಿ. ತಪಾಸಣೆಯಿಂದ ಮೊದಲು ಉಳಿಯುವವನು ಅಂಗಡಿಯವನೇ.

ಮಟನ್ ಅಂಗಡಿ, ಬೆಳಗಾವಿ:
ತಮ್ಮಾ, ಇದನ್ನು ನಮಗೆ ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ನಮ್ಮ ಕಾಕಾಗೆ ಅಂಥ ಜ್ವರ ಭಾಳ ದಿನ ಇತ್ತು. ಯಾವ ಪರೀಕ್ಷೆ ಮಾಡಿಸಬೇಕು?

ಕೊಕಟನೂರು ಹಾಸ್ಟೆಲ್:
ಈಗಲೂ ಇದ್ದರೆ ಫಿಜಿಷಿಯನ್ ಹತ್ರ ಹೋಗಿ. ಕುರಿ ಕೊಯ್ಯುವ ಕೆಲಸ ಅಂತ ಮೊದಲೇ ಹೇಳಿ. ಬ್ರುಸೆಲ್ಲಾ ರಕ್ತ ಪರೀಕ್ಷೆ ಅವರೇ ಬರೆಯುತ್ತಾರೆ. ಕೆಲಸ ಹೇಳದಿದ್ದರೆ ಆ ಕಡೆ ಯೋಚನೆಯೇ ಹೋಗುವುದಿಲ್ಲ.

ನವನಗರದ ಸೊಸೆ:
ಕೊಯ್ದ ಮೇಲೆ ಏನೇನು ನೋಡುತ್ತಾರೆ ಅಂತಲೂ ಹೇಳಿ ತಮ್ಮಾ. ಮನೆಯಲ್ಲಿ ನಾವೇ ಗುರುತಿಸುವಂಥದ್ದು ಇದ್ದರೆ ಚಲೋ.

ಕೊಕಟನೂರು ಹಾಸ್ಟೆಲ್:
ಕ್ರಮ ಒಂದಿದೆ. ತಲೆ, ನಾಲಿಗೆ, ಗಂಟಲಿನ ಗಂಟುಗಳು. ಆಮೇಲೆ ಪುಪ್ಪುಸ. ಅದನ್ನು ಬರೀ ನೋಡಿದರೆ ಸಾಲದು, ಎರಡೂ ಕೈಯಲ್ಲಿ ಹಿಚುಕಿ ನೋಡಬೇಕು. ಕ್ಷಯದ ಗಂಟು ಬೆರಳಿಗೆ ಮೊದಲು ಸಿಗುತ್ತದೆ. ಕೊಯ್ದರೆ ಒಳಗೆ ಹಳದಿ ಗಿಣ್ಣದಂತೆ ಇರುತ್ತದೆ. ಹೃದಯ ಬಿಚ್ಚುತ್ತಾರೆ. ಗುಲ್ಮ (ಸ್ಪ್ಲೀನ್) ಊದಿದೆಯಾ ನೋಡುತ್ತಾರೆ. ಕಲೀಜದ ಪಿತ್ತನಾಳಕ್ಕೆ ಅಡ್ಡ ಚಾಕು ಹಾಕುತ್ತಾರೆ. ನಾಳ ದಪ್ಪಗಾಗಿ ಬೆಳ್ಳಗೆ ಬಿರುಸಾಗಿದ್ದರೆ ಚಪ್ಪಟೆ ಎಲೆಯಂಥ ಹುಳ ಹೊರಗೆ ಜಾರುತ್ತದೆ. ಹಂದಿಯಲ್ಲಿ ದವಡೆಯ ಖಂಡ, ನಾಲಿಗೆ, ಹೃದಯ ಕೊಯ್ದು ಅಕ್ಕಿಕಾಳಿನಷ್ಟು ಗುಳ್ಳೆ ಹುಡುಕುತ್ತಾರೆ. ಅದು ಬೇರೆ ಲಾಡಿಹುಳ. ಅರೆಬೆಂದ ಹಂದಿಮಾಂಸದಿಂದ ಹುಳ ನಮ್ಮ ಕರುಳಿಗೆ ಬರುತ್ತದೆ. ಅದರ ತತ್ತಿ ಬಾಯಿಗೆ ಹೋದರೆ ಮಿದುಳಿಗೂ ಏರಿ ಫಿಟ್ಸ್ ತರುತ್ತದೆ.

ಒಂದು ಅಂಗ ಕೆಟ್ಟಿದ್ದರೆ ಅಂಗ ಮಾತ್ರ ತೆಗೆಯುತ್ತಾರೆ. ನಿಮ್ಮ ಗುಳ್ಳೆಯಂಥದ್ದಕ್ಕೆ ಕಲೀಜ ಹೋಗುತ್ತದೆ, ಖಂಡ ಉಳಿಯುತ್ತದೆ. ಮೈಯೆಲ್ಲಾ ಹಳದಿ, ಮೈಯೆಲ್ಲಾ ನೀರು ಬಿಟ್ಟಂತೆ, ಕ್ಷಯ ಎಲ್ಲಾ ಕಡೆ ಹರಡಿದ್ದು, ಇವು ಪೂರ್ತಿ ತಿರಸ್ಕಾರ. ಮನೆಯಲ್ಲಿ ಮೂಗು, ಕಣ್ಣು ಸಾಕು. ಆದರೆ ಅಂಗಡಿಯಲ್ಲಿ ಕಲೀಜವನ್ನು ಕತ್ತರಿಸುವ ಮುಂಚೆ ಇಡಿಯಾಗಿ ತೋರಿಸಿ ಅನ್ನಿ. ಚೂರು ಮಾಡಿದ ಮೇಲೆ ನಮಗೂ ಗೊತ್ತಾಗುವುದು ಕಷ್ಟ.

ಹೋತಮರಿ:
ಚಪ್ಪಟೆ ಹುಳ ಅಂದಿರಿ. ನಾವು ಬೇಸಿಗೆಯಲ್ಲಿ ಆಲಮಟ್ಟಿ ಹಿನ್ನೀರಿನ ದಂಡೆಗೆ ಕುರಿ ಇಳಿಸುತ್ತೇವೆ. ನೀರು ಸರಿದ ಜಾಗದಲ್ಲಿ ಹಸಿ ಹುಲ್ಲು ಇರುತ್ತದೆ. ಅಲ್ಲಿಂದ ಬಂದ ಮೇಲೆ ಕೆಲವಕ್ಕೆ ದವಡೆ ಕೆಳಗೆ ನೀರು ತುಂಬಿ ಊದುತ್ತದೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ನಿವೃತ್ತ ದನದ ಡಾಕ್ಟರ್:
ಇದೆ. ಆ ಹುಳದ ಮರಿ ನೀರಿನ ಬಸವನಹುಳುವಿನೊಳಗೆ ಬೆಳೆದು, ದಂಡೆಯ ಹುಲ್ಲಿಗೆ ಅಂಟಿಕೊಂಡು ಕಾಯುತ್ತದೆ. ದವಡೆ ಊತ ಬೇರೆ ಜಂತಿನಿಂದಲೂ ಬರುತ್ತದೆ, ಅದಕ್ಕೆ ಹಿಕ್ಕೆ ಪರೀಕ್ಷೆ ಮಾಡಿಸಿ. ಎರಡಕ್ಕೂ ಒಂದೇ ಔಷಧಿ ಅಲ್ಲ.

ಹೋತಮರಿ:
ಹಾಗಿದ್ದರೆ ನನ್ನದೊಂದು ತಕರಾರು ಇದೆ. ನನ್ನ ಕುರಿಯ ಹೊಟ್ಟೆಯೊಳಗೆ ಏನಿತ್ತು ಅಂತ ನನಗೆ ಇವತ್ತಿನವರೆಗೆ ಯಾರೂ ಹೇಳಿಲ್ಲ. ಸಂತೆಯಲ್ಲಿ ಮಾರಿದೆ, ರೊಕ್ಕ ಎಣಿಸಿದೆ, ಮುಗಿಯಿತು. ಅದರ ಕಲೀಜದಲ್ಲಿ ಹುಳ ಇತ್ತು ಅಂತ ಬೆಳಗಾವಿಯಲ್ಲಿ ಕೊಯ್ದವರಿಗೆ ಗೊತ್ತು, ಮಂದೆ ಇಟ್ಟುಕೊಂಡ ನನಗೆ ಗೊತ್ತಿಲ್ಲ. ದನ ಎಮ್ಮೆಗೆ ಕಿವಿಯಲ್ಲಿ 12 ಅಂಕಿಯ ಓಲೆ ಹಾಕುತ್ತಾರೆ. ನನ್ನ ಕುರಿಗೆ ಬೆನ್ನ ಮೇಲೆ ಬಣ್ಣ ಅಷ್ಟೇ. ಡಾಕ್ಟರು ನೋಡಿ ಮುದ್ರೆ ಒತ್ತಿದರೂ ತಿನ್ನುವವರಿಗೆ ಒಳ್ಳೆಯದು, ನನಗೇನು ಬಂತು? ಮುಂದಿನ ವರ್ಷವೂ ಅದೇ ದಂಡೆಗೆ ಇಳಿಸುತ್ತೇನೆ.

ನಿವೃತ್ತ ದನದ ಡಾಕ್ಟರ್:
ಇದು ಈ ಚರ್ಚೆಯಲ್ಲೇ ಗಟ್ಟಿ ಮಾತು. ಸರಿಯಾದ ಕಸಾಯಿಖಾನೆಯಲ್ಲಿ ಏನು ತಿರಸ್ಕಾರ ಆಯಿತು, ಯಾಕೆ ಅಂತ ದಾಖಲೆ ಇಡಬೇಕು. ಆ ಪುಸ್ತಕ ಎಷ್ಟೋ ಕಡೆ ಕಪಾಟಿನಿಂದ ಹೊರಗೆ ಬರುವುದಿಲ್ಲ. ಯಾವ ಸಂತೆಯ ಕುರಿ ಅಂತ ಒಂದು ಕಾಲಂ ಇದ್ದರೆ ಸಾಕು, ಯಾವ ಕಡೆ ಯಾವ ಔಷಧಿ ಬೇಕು ಅಂತ ತಾಲೂಕು ಆಸ್ಪತ್ರೆಗೆ ಗೊತ್ತಾಗುತ್ತದೆ. ಇದಕ್ಕೆ ದೊಡ್ಡ ಕಟ್ಟಡವೇನೂ ಬೇಡ.

ಸುಮ್ನೆ ಕೇಳಿದೆ:
ಕುರಿ ಬಿಡಿ, ದನದ ವಿಷಯ ಯಾರೂ ಯಾಕೆ ಮಾತಾಡುತ್ತಿಲ್ಲ? ಅಲ್ಲಿ ತಪಾಸಣೆ ಹೇಗೆ?

ನಿರ್ವಾಹಕರು:
2020ರ ರಾಜ್ಯ ಕಾಯ್ದೆ ಪ್ರಕಾರ 13 ವರ್ಷ ಮೀರಿದ ಎಮ್ಮೆ, ಕೋಣ ಬಿಟ್ಟು ಉಳಿದ ಜಾನುವಾರು ಕೊಯ್ಯುವಂತಿಲ್ಲ, ಅದಕ್ಕೂ ಪ್ರಮಾಣಪತ್ರ ಬೇಕು. ಇಷ್ಟು ಸಾಕು. ಕಾಯ್ದೆ ಸರಿಯೋ ತಪ್ಪೋ ಅನ್ನುವ ಜಗಳಕ್ಕೆ ಬೇರೆ ಎಳೆ ಇದೆ. ಇಲ್ಲಿ ಹಾಕಿದರೆ ಅಳಿಸುತ್ತೇನೆ.

ಮಟನ್ ಅಂಗಡಿ, ಬೆಳಗಾವಿ:
24 ಗಂಟೆ ವಿಶ್ರಾಂತಿ ಅಂದಿರಲ್ಲ ಡಾಕ್ಟ್ರೇ, ಅದು ಆಗುವ ಮಾತಾ? ಅಮೀನಗಡ ಸಂತೆಯಲ್ಲಿ ಹಿಡಿದದ್ದು ರಾತ್ರಿ ಪಿಕಪ್‌ನಲ್ಲಿ ಬರುತ್ತದೆ. ಬೆಳಿಗ್ಗೆ ಕೊಯ್ಯುತ್ತೇವೆ. ಕಟ್ಟಿಹಾಕಲು ಜಾಗ ಎಲ್ಲಿದೆ?

ನಿವೃತ್ತ ದನದ ಡಾಕ್ಟರ್:
ಜಾಗ ಇಲ್ಲ ಅನ್ನುವುದು ನಿಜ, ಅದನ್ನು ನಗರಸಭೆಯೇ ಕೊಡಬೇಕು. ಆದರೆ ವಿಶ್ರಾಂತಿ ಬರೀ ದಯೆಯ ಮಾತಲ್ಲ, ನಿಮ್ಮ ಮಾಲಿನ ಮಾತೂ ಹೌದು. ದಣಿದ, ಹೆದರಿದ ಪ್ರಾಣಿಯ ಖಂಡದಲ್ಲಿ ಸಕ್ಕರೆಯಂಶ ಮೊದಲೇ ಖರ್ಚಾಗಿರುತ್ತದೆ. ಸತ್ತ ಮೇಲೆ ಹುಳಿಯಂಶ ಬೇಕಾದಷ್ಟು ಹುಟ್ಟುವುದಿಲ್ಲ. ಹುಳಿಯ ಅಳತೆಯಾದ ಪಿಎಚ್ 5.5, 5.8ರ ಹತ್ರ ಇಳಿಯಬೇಕಾದದ್ದು 6ರ ಮೇಲೆಯೇ ನಿಲ್ಲುತ್ತದೆ. ಖಂಡ ಕಪ್ಪಗೆ, ಒಣಗಿದಂತೆ ಇರುತ್ತದೆ, ಬೇಗ ಕೆಡುತ್ತದೆ. ರಕ್ತವೂ ಸರಿಯಾಗಿ ಇಳಿಯುವುದಿಲ್ಲ. ಒಂದು ರಾತ್ರಿ ನೀರು ಇಟ್ಟು ನೆರಳಲ್ಲಿ ಬಿಟ್ಟು ನೋಡಿ, ಸಂಜೆವರೆಗೆ ಉಳಿದ ಮಾಲಿನಲ್ಲೇ ವ್ಯತ್ಯಾಸ ಕಾಣುತ್ತದೆ.

ಆಫೀಸು ತಿರುಗಿದವ:
ಹಾಗಾದರೆ ಕೇಳಬೇಕಾದದ್ದನ್ನು ಬರೆದೇ ಕೇಳೋಣ. ಬಾಯಲ್ಲಿ ಕೇಳಿದರೆ ಚಹಾ ಸಿಗುತ್ತದೆ, ಉತ್ತರ ಸಿಗುವುದಿಲ್ಲ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಪೋಸ್ಟಲ್ ಆರ್ಡರ್, 30 ದಿನದಲ್ಲಿ ಉತ್ತರ ಕೊಡಬೇಕು.

ನವನಗರದ ಸೊಸೆ:
ನಾನು ಹಾಕುತ್ತೇನೆ. ಕರಡು ನೋಡಿ ಹೇಳಿ: "ನಮ್ಮ ನಗರದಲ್ಲಿ ಮಾಂಸದ ತಪಾಸಣೆ ನಡೆಯುತ್ತಿದೆಯೇ, ಇಲ್ಲವಾದರೆ ಯಾಕೆ ನಡೆಯುತ್ತಿಲ್ಲ, ಇದಕ್ಕೆ ಯಾರು ಹೊಣೆ, ಸಾರ್ವಜನಿಕರ ಆರೋಗ್ಯದ ದೃಷ್ಟಿಯಿಂದ..." ಹೀಗೆ ಎರಡು ಪುಟ ಆಗಿದೆ.

ಆಫೀಸು ತಿರುಗಿದವ:
ಅಕ್ಕಾರ, ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ನಿಮ್ಮ ಮುನ್ನುಡಿಯೇ ಅಷ್ಟಿದೆ. "ಯಾಕೆ" ಅಂತ ಕೇಳಬೇಡಿ, ಅದಕ್ಕೆ ಉತ್ತರ ಕೊಡಲೇಬೇಕು ಅಂತಿಲ್ಲ. ಇರುವ ಕಾಗದದ ನಕಲು ಕೇಳಿ. ಕಳೆದ ವರ್ಷ ಕೊಯ್ಯುವ ಮುಂಚೆ ಕೊಟ್ಟ ಪ್ರಮಾಣಪತ್ರಗಳ ನಕಲು, ತಿರಸ್ಕಾರದ ದಾಖಲೆ ಪುಸ್ತಕದ ನಕಲು, ಈ ಕೆಲಸಕ್ಕೆ ನೇಮಿಸಿದ ಪಶುವೈದ್ಯರ ಆದೇಶದ ನಕಲು. ಪುಸ್ತಕ ಇಲ್ಲದಿದ್ದರೆ "ಲಭ್ಯವಿಲ್ಲ" ಅಂತ ಸಹಿ ಹಾಕಿ ಕೊಡಬೇಕಾಗುತ್ತದೆ. ಆ ಸಹಿಯೇ ನಮಗೆ ಬೇಕಾದದ್ದು.

ಹೋತಮರಿ:
ಯಾವ ಸಂತೆಯಿಂದ ಬಂದದ್ದು ಅನ್ನುವ ಕಾಲಂ ಆ ಪುಸ್ತಕದಲ್ಲಿ ಇದೆಯಾ ಅಂತಲೂ ಕೇಳಿ ಅಕ್ಕಾರ.

ಆಫೀಸು ತಿರುಗಿದವ:
ಪುಸ್ತಕದ ನಕಲು ಬಂದರೆ ಕಾಲಂ ತಾನೇ ಕಾಣುತ್ತದೆ. ಪುಟಕ್ಕೆ 2 ರೂಪಾಯಿ ಕೇಳುತ್ತಾರೆ, ಮೊದಲು ಎಷ್ಟು ಪುಟ ಅಂತ ಬರೆದು ತಿಳಿಸುತ್ತಾರೆ.

ನವನಗರದ ಸೊಸೆ:
ಬರೆದು ಮುಗಿಸಿದೆ, ಮೂರೂ ನಕಲು ಕೇಳಿ 64 ಪದ ಆಯಿತು. ಸೋಮವಾರ ಅಂಚೆ ಕಚೇರಿಯಲ್ಲಿ ಸ್ಪೀಡ್ ಪೋಸ್ಟ್ ಮಾಡಿಸುತ್ತೇನೆ. ಬೆಳಗಾವಿ, ವಿಜಯಪುರದವರು ಇದನ್ನೇ ನಕಲು ಮಾಡಿ ನಿಮ್ಮ ಪಾಲಿಕೆಗೆ ಹಾಕಿ. ವಿಳಾಸದ ಸಾಲು ಬದಲಾಯಿಸುವುದು ಮರೆಯಬೇಡಿ.